ಗೋರಿ ಮುಗಿಯಿತು, ಅಕ್ಕ

ಹಾಲಿಕಾರ್ನಾಸಸ್
ರಾಣಿ ತೀರಿಕೊಂಡ ಮರುವರ್ಷ, ದ್ರಾಕ್ಷಿ ಕೊಯ್ಲು ಮುಗಿದ ವಾರ

ಪ್ರೀತಿಯ ಅಫಿಯಾ ಅಕ್ಕನಿಗೆ ತಮ್ಮ ಉಲಿಯಾದೆಸ್‌ನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಹಾಗಾಗಿ ಇದ್ದೇವೆ ಎಂದಷ್ಟೇ ಬರೆದಿದ್ದೇನೆ. ನೀನೂ ಭಾವನವರೂ ಹಾಗೆಯೇ ಇದ್ದೀರಿ ಎಂದುಕೊಳ್ಳುತ್ತೇನೆ.

ತುಂಬಾ ತಡವಾಯಿತು, ಅಕ್ಕ. ಕೋಸ್ ದ್ವೀಪದ ಉಣ್ಣೆ ವ್ಯಾಪಾರಿಯ ಬಾಯಲ್ಲಿ ನೀನು ಹೇಳಿಕಳಿಸಿದ ಮಾತು ನನಗೆ ಮುಟ್ಟಿ ಎರಡು ಚಳಿಗಾಲ ಕಳೆದವು. "ನಮ್ಮ ಲೈಕೋನ್ ನಿಮ್ಮೂರಿಗೆ ಬಂದ ಹಡಗಿನಲ್ಲಿದ್ದ. ಅವನನ್ನ ಕಂಡೋರು ಯಾರಾದ್ರೂ ಇದ್ದಾರಾ, ಸ್ವಲ್ಪ ಕೇಳಿ ನೋಡು ಅಂದ್ರು ನಿಮ್ಮಕ್ಕ," ಎಂದು ಆತ ಹೇಳಿದ. ಹೇಳಿ ನನ್ನ ಮುಖ ನೋಡುತ್ತಾ ನಿಂತ. ನಾನು ಅವನಿಗೆ ನೀರು ಕೊಟ್ಟೆ, ಅಂಜೂರ ಕೊಟ್ಟೆ, ಉತ್ತರ ಕೊಡಲಿಲ್ಲ.

ಕೊಡದಿದ್ದಕ್ಕೆ ಕಾರಣವಿತ್ತು. ನಿಮ್ಮ ರೋಡ್ಸ್ ಬಂದರಿನಲ್ಲಿ ನಮ್ಮ ರಾಣಿಯ ದಂಡು ಕುಳಿತ ಮೇಲೆ ಇಲ್ಲಿಂದ ಅಲ್ಲಿಗೆ ಹೋಗುವ ಓಲೆಗಳನ್ನೆಲ್ಲ ಬಿಚ್ಚಿ ಓದುತ್ತಿದ್ದರು. ಮಾತಿನಲ್ಲಿ ಹೇಳಿಕಳಿಸಿದರೆ ಅದು ಹತ್ತು ಕಿವಿಗೆ ಬಿದ್ದು ನಿನ್ನನ್ನು ಮುಟ್ಟುತ್ತಿತ್ತು. ಗೊತ್ತಾಗಿದ್ದರೆ ನನ್ನ ಮನೆ ಮಾತ್ರವಲ್ಲ, ಇನ್ನೊಬ್ಬನ ಮನೆಯೂ ಹಾಳಾಗುತ್ತಿತ್ತು. ಈಗ ರಾಣಿ ಇಲ್ಲ. ಬಂದರಿನ ಕಾವಲು ಸಡಿಲವಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ, ದೊರೆಯ ಗೋರಿ ಮುಗಿಯಿತು. ನಿನ್ನೆ ತುದಿಯಲ್ಲಿ ಕೊನೆಯ ಕುದುರೆಯನ್ನು ನಿಲ್ಲಿಸಿದೆವು. ಅದಕ್ಕೇ ಇವತ್ತು ಬರೆಯಲು ಕುಳಿತಿದ್ದೇನೆ.

ಇದನ್ನು ನೀನೇ ಓದು, ಬೇರೆ ಯಾರ ಕೈಲೂ ಓದಿಸಬೇಡ. ಅಪ್ಪ ನಮ್ಮಿಬ್ಬರನ್ನೂ ಹಸಿಮಣ್ಣಿನ ಹಲಗೆಯ ಮುಂದೆ ಕೂರಿಸಿ ಅಕ್ಷರ ತಿದ್ದಿಸುತ್ತಿದ್ದಾಗ, "ಹೆಣ್ಣುಮಗೂಗೆ ಯಾಕೆ ಇದೆಲ್ಲ, ಗೋರಿಕಲ್ಲು ಕೆತ್ತೋಕೆ ಹೋಗ್ತಾಳಾ?" ಎಂದು ಅಮ್ಮ ಗೊಣಗುತ್ತಿದ್ದಳು. ಅಪ್ಪ ಮಾಡಿದ್ದು ಒಳ್ಳೆಯದೇ ಆಯಿತು.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಿನ್ನ ನಾದಿನಿ ಮೀಕಾಳ ಮೊಣಕಾಲು ನೋವು ಹೆಚ್ಚಾಗಿದೆ. ಬಾವಿಕಟ್ಟೆಗೆ ಹೋಗಿ ಬಂದರೆ ಅರ್ಧ ದಿನ ಕೂರುತ್ತಾಳೆ. ಈ ಊರಿನ ನೀರು ಉಪ್ಪು, ಇದರಲ್ಲಿ ಬೇಳೆ ಬೇಯುವುದಿಲ್ಲ ಎಂಬ ಅವಳ ದೂರು ನಾವು ಇಲ್ಲಿಗೆ ಬಂದ ದಿನದಿಂದ ಇದ್ದಂತೆಯೇ ಇದೆ. ಆಡು ಅವಳಿ ಮರಿ ಹಾಕಿದೆ. ನನಗೆ ಎಡಗಣ್ಣು ಮಂಜಾಗಿದೆ, ಕಲ್ಲಿನ ದೂಳು. ಮಗ ಪಿಗ್ರೆಸ್ ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾನೆ. ಮದುವೆ ಮಾಡೋಣ ಎಂದರೆ ಮಾತು ಬೇರೆ ಕಡೆ ತಿರುಗಿಸುತ್ತಾನೆ.

ನೀನು ಕೇಳಿದ್ದು ಒಂದು, ಇವನು ಹೇಳುತ್ತಿರುವುದು ಇನ್ನೊಂದು ಎಂದು ನಿನಗೆ ಅನ್ನಿಸುತ್ತಿರಬೇಕು. ನಿನ್ನ ಮಗನ ವಿಷಯವನ್ನೇ ಹೇಳಲು ಕುಳಿತಿದ್ದೇನೆ, ಅಕ್ಕ. ಆದರೆ ಗೋರಿಯ ಕಥೆ ಹೇಳದೆ ಅವನ ಕಥೆ ಹೇಳಲು ಬರುವುದಿಲ್ಲ. ಸ್ವಲ್ಪ ತಾಳು.

ನೀನು ಮದುವೆಯಾಗಿ ರೋಡ್ಸ್ ಸೇರಿದ ಮೇಲೆ ಇಲ್ಲಿನ ದೊರೆ ಬೆಟ್ಟದ ಮೇಲಿನ ನಮ್ಮ ಊರುಗಳನ್ನೆಲ್ಲ ಖಾಲಿ ಮಾಡಿಸಿ, ಜನರನ್ನು ಕಡಲಂಚಿಗೆ ಇಳಿಸಿ ಇಲ್ಲಿದ್ದ ಹಳೆಯ ಊರನ್ನು ದೊಡ್ಡ ಪಟ್ಟಣವಾಗಿ ಕಟ್ಟಿಸಿದ. ನಾವು ನಮ್ಮೂರು ಪೆದಾಸಾ ಬಿಡುವ ದಿನ ಊರಿನವರೆಲ್ಲ ದೇವಿಯ ಪೂಜಾರಿಣಿಯ ಗಲ್ಲ ನೋಡಲು ಹೋಗಿದ್ದರು. ಊರಿಗೆ ಕೇಡು ಬರುವುದಿದ್ದರೆ ಅವಳಿಗೆ ಗಡ್ಡ ಬರುತ್ತದೆ ಎನ್ನುತ್ತಾರಲ್ಲ. ಗಲ್ಲ ನುಣ್ಣಗೇ ಇತ್ತು. "ನಾವು ಮನೆ ಬಿಟ್ಟು ಹೋಗೋದು ದೇವಿಗೆ ಕೇಡು ಅಂತ ಅನ್ನಿಸ್ಲೇ ಇಲ್ಲ ನೋಡು," ಎಂದ ಅಮ್ಮ ಕುಕ್ಕೆಯಲ್ಲಿ ಕೋಳಿ ಇಟ್ಟುಕೊಂಡು ಬೆಟ್ಟ ಇಳಿದಳು. ಅವಳು ಈ ಊರಿನಲ್ಲಿ ಹೆಚ್ಚು ದಿನ ಬದುಕಲಿಲ್ಲ, ಅದು ನಿನಗೆ ಗೊತ್ತು.

ನಮ್ಮನ್ನು ಎತ್ತಿ ತಂದವನ ಗೋರಿಯನ್ನೇ ನಾನು ಕಟ್ಟಬೇಕಾಯಿತು. ದೊರೆ ಬದುಕಿದ್ದಾಗಲೇ ಮಾರುಕಟ್ಟೆಯ ಮೇಲಿನ ಇಳಿಜಾರಿನಲ್ಲಿ ಜಾಗ ಗುರುತಿಸಿದ್ದರು. ಅಲ್ಲಿ ಕಾಲದಿಂದಲೂ ಹಳಬರ ಸಮಾಧಿಗಳಿದ್ದವು. ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಕೋಣೆಗಳು. ನಮ್ಮ ಮೇಸ್ತ್ರಿ ಅರ್ಲಿಸ್ ಇದೇ ಊರಿನವನು, ನನಗಿಂತ ದೊಡ್ಡವನು. ಅವನ ಮನೆಯವರೂ ಅಲ್ಲೇ ಮಲಗಿದ್ದರು. ಅಡಿಪಾಯದ ಗುಂಡಿ ತೋಡುವಾಗ ಅರಮನೆಯವರು, "ಸಿಕ್ಕಿದ್ದನ್ನೆಲ್ಲ ಮಣ್ಣಿನ ಜೊತೆ ಹೊರಗೆ ಹಾಕಿ," ಎಂದರು. ಅರ್ಲಿಸ್ ಎದುರು ಮಾತಾಡಲಿಲ್ಲ. ಕೆಲಸ ಬಿಟ್ಟ ಮೇಲೆ ಬುಟ್ಟಿ ತಂದು, ತನ್ನ ಅಜ್ಜಿಯ ಮೂಳೆಗಳನ್ನು ಒಂದೊಂದಾಗಿ ಆರಿಸಿ ಹೊತ್ತುಕೊಂಡು ಹೋದ. ಮರುದಿನ ಎಂದಿನಂತೆ ತೂಗುಗುಂಡು ಹಿಡಿದು ನಿಂತಿದ್ದ. ಆ ಗುಂಡಿಗೆ ಇಳಿದಾಗಲೆಲ್ಲ ಅವನು ಒಂದು ಕ್ಷಣ ನಿಂತು ಇಳಿಯುತ್ತಿದ್ದ. ಅದನ್ನು ನಾನೊಬ್ಬನೇ ಗಮನಿಸುತ್ತಿದ್ದೆ ಎಂದು ಕಾಣುತ್ತದೆ.

ಗೋರಿ ಹೊರಗಿನಿಂದ ಬರೀ ಅಮೃತಶಿಲೆ. ನೋಡಿದವರು ಇಡೀ ಕಟ್ಟಡವೇ ಅಮೃತಶಿಲೆ ಎಂದುಕೊಳ್ಳುತ್ತಾರೆ. ಒಳಗಿನ ಹೊಟ್ಟೆಯೆಲ್ಲ ಹಸಿರುಕಲ್ಲು, ದೋಣಿಯಲ್ಲಿ ತಂದದ್ದು. ಒಂದೊಂದು ಕಲ್ಲೂ ಎತ್ತಿನಷ್ಟು. ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಸಂದಿಗೆ ಕಾದ ಸೀಸ ಸುರಿಯುವುದು ನನ್ನ ಕೆಲಸ. ತೀರಾ ಕೆಳಗೆ, ಬಂಡೆಯೊಳಗೆ, ದೊರೆಯ ಕೋಣೆ. ಅವನು ತೀರಿಕೊಂಡಾಗ ಗೋರಿ ನನ್ನ ಎದೆಯೆತ್ತರವೂ ಬಂದಿರಲಿಲ್ಲ. ಬೂದಿಯನ್ನು ಕೋಣೆಯಲ್ಲಿಟ್ಟು, ಮೆಟ್ಟಿಲ ಬುಡದಲ್ಲಿ ಎತ್ತು, ಕುರಿ, ಕೋಳಿ, ಪಾರಿವಾಳ ಎಲ್ಲ ಕಡಿದು ಸತ್ತವನ ಊಟಕ್ಕೆ ಜೋಡಿಸಿದರು. ಬಾಗಿಲಿಗೆ ಒಂದು ದೊಡ್ಡ ಹಸಿರುಕಲ್ಲನ್ನು ಇಳಿಸಿ, ಮೆಟ್ಟಿಲನ್ನು ಮಣ್ಣು ಕಲ್ಲಿನಿಂದ ಮುಚ್ಚಿಬಿಟ್ಟೆವು. ಆಮೇಲೆ ಅವನ ರಾಣಿ ಆಳತೊಡಗಿದಳು, ನಾವು ಮೇಲಕ್ಕೆ ಕಟ್ಟತೊಡಗಿದೆವು.

ಹೆಂಗಸೊಬ್ಬಳು ಆಳುತ್ತಾಳೆ, ಈಗ ಸುಲಭ ಎಂದು ನಿಮ್ಮ ದೊಡ್ಡವರು ಹಡಗು ಹೊರಡಿಸಿದ್ದು ಆಗಲೇ. ಅಲ್ಲಿ ನಿನಗೆ ಯಾರು ಹೇಗೆ ಹೇಳಿದ್ದಾರೋ ಗೊತ್ತಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ.

ಬೆಳಿಗ್ಗೆಯೇ ಡಂಗುರ ಸಾರಿದರು. ಕೆಲಸ ಬಿಟ್ಟು ಎಲ್ಲರೂ ಕೋಟೆಗೋಡೆ ಹತ್ತಬೇಕು, ರೋಡ್ಸ್‌ನವರು ಬಂದಾಗ ಚಪ್ಪಾಳೆ ತಟ್ಟಿ ಕರೆಯಬೇಕು. ನನ್ನ ಪಕ್ಕದಲ್ಲಿದ್ದ ಮುದುಕನೊಬ್ಬ, "ಹೊಡೆಯೋಕೆ ಬಂದೋರಿಗೆ ಚಪ್ಪಾಳೆ ಯಾಕಪ್ಪಾ?" ಎಂದ. ಹಿಂದೆ ನಿಂತ ಕಾವಲಿನವನು, "ತಟ್ಟು ಅಂದ್ರೆ ತಟ್ಟು ತಾತ," ಎಂದ. ಹಡಗುಗಳು ಬಂದವು. ನಾವು ತಟ್ಟಿದೆವು. ಊರು ಶರಣಾಯಿತು ಎಂದುಕೊಂಡು ನಿಮ್ಮವರು ನಗುತ್ತಲೇ ಹಡಗು ಬಿಟ್ಟು ಇಳಿದು, ತೆರೆದ ಬಾಗಿಲಿನಿಂದ ಮಾರುಕಟ್ಟೆಯವರೆಗೆ ನಡೆದು ಬಂದರು. ಅರಮನೆಯ ಹಿಂದೆ ಬೆಟ್ಟದ ಮರೆಯಲ್ಲಿ ರಾಣಿಗೆ ಇನ್ನೊಂದು ಸಣ್ಣ ಬಂದರಿತ್ತು, ಅದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಅಲ್ಲಿಂದ ಅವಳ ಹಡಗುಗಳು ಹೊರಟು ನಿಮ್ಮ ಖಾಲಿ ಹಡಗುಗಳನ್ನು ಎಳೆದೊಯ್ದವು. ಬಾಗಿಲು ಮುಚ್ಚಿತು. ಚಪ್ಪಾಳೆ ನಿಲ್ಲಿಸಿ ಎಂದು ಯಾರೂ ಹೇಳಬೇಕಾಗಲಿಲ್ಲ. ಗೋಡೆಯ ಮೇಲಿಂದ ಬಾಣ ಬಿಡತೊಡಗಿದರು. ಮಾರುಕಟ್ಟೆಗೆ ಮರೆ ಎನ್ನುವುದು ಒಂದೂ ಇರಲಿಲ್ಲ. ನಾನು ಗೋಡೆಯ ಕಲ್ಲಿಗೆ ಮುಖ ಒತ್ತಿಕೊಂಡು ಕುಳಿತೆ. ನಿಮ್ಮವರ ಕೂಗು ನಮ್ಮ ಮಾತೇ ಆಗಿತ್ತು, ಅಕ್ಕ. ಅಮ್ಮಾ ಎನ್ನುವುದಕ್ಕೆ ಎರಡು ಊರಿನಲ್ಲಿ ಎರಡು ಶಬ್ದವಿಲ್ಲ.

ಮರುದಿನ ಗೋರಿ ಕೆಲಸದ ಎತ್ತಿನಗಾಡಿಗಳನ್ನೆಲ್ಲ ಮಾರುಕಟ್ಟೆಗೆ ತರಿಸಿದರು. "ಹೊತ್ತು ಇಳಿಯೋದರೊಳಗೆ ಇದೆಲ್ಲ ಚೊಕ್ಕಟ ಆಗ್ಬೇಕು. ಮೇಲಿನ ಬಾಗಿಲ ಆಚೆ ಕೊರಕಲಿಗೆ ಹಾಕಿ. ಮಣ್ಣು ಮುಚ್ಚೋದು ಬೇಡ, ಹದ್ದು ನೋಡ್ಕೊಳ್ತವೆ," ಎಂದ ದಳವಾಯಿ. ಗಾಡಿಗೆ ಇಬ್ಬರು. ನನ್ನ ಗಾಡಿಗೆ ನಾನು, ಪಿಗ್ರೆಸ್.

ಕಾರಂಜಿಯ ತೊಟ್ಟಿಯ ಪಕ್ಕದಲ್ಲಿ ಒಬ್ಬ ಬೋರಲಾಗಿ ಬಿದ್ದಿದ್ದ. ಪಿಗ್ರೆಸ್ ಹೆಗಲು ಹಿಡಿದು ಹೊರಳಿಸಿದ. ಹೊರಳಿಸಿದವನು ಹಾಗೇ ನೆಲದ ಮೇಲೆ ಕುಳಿತುಬಿಟ್ಟ. "ಅಪ್ಪಾ, ಲೈಕೋನ್," ಎಂದ.

ಅವನೇ. ಕೊರಳಿನ ಪಕ್ಕ ಬಾಣ ನಾಟಿತ್ತು. ಮುಖದಲ್ಲಿ ನೋವಿರಲಿಲ್ಲ, ಮಲಗಿದ ಹಾಗೆ ಇದ್ದ ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಬಾಯಿ ಸ್ವಲ್ಪ ತೆರೆದಿತ್ತು. ಆದರೆ ಬೇಗ ಹೋಗಿದ್ದಾನೆ. ಆ ಗಾಯಕ್ಕೆ ಯಾರೂ ಬಹಳ ಹೊತ್ತು ತಡೆಯುವುದಿಲ್ಲ, ಅಷ್ಟನ್ನು ನಂಬು. ಕತ್ತಿ ಹಿಡಿದಿರಲಿಲ್ಲ. ಸೊಂಟಕ್ಕೆ ಬಡಗಿಯ ಉಳಿ ಸಿಕ್ಕಿಸಿಕೊಂಡಿದ್ದ. ಹಡಗು ರಿಪೇರಿಗೆಂದೇ ಅವನನ್ನು ಕರೆತಂದಿರಬೇಕು. ಎಂಥ ಹುಡುಗ ಅವನು. ಅದಕ್ಕೂ ಎರಡು ವರ್ಷ ಮೊದಲು ದ್ರಾಕ್ಷಿ ಕೊಯ್ಲಿಗೆ ಇಲ್ಲಿಗೆ ಬಂದಿದ್ದಾಗ ಮೀಕಾಳ ಮುರಿದ ಮಗ್ಗವನ್ನು ಒಂದೇ ಬೆಳಗಿನಲ್ಲಿ ಸರಿಮಾಡಿ, "ಅತ್ತೆ, ಇನ್ನು ಇದು ನಿಮಗಿಂತ ಗಟ್ಟಿ," ಎಂದು ಬೈಸಿಕೊಂಡಿದ್ದ. ಅವನೂ ಪಿಗ್ರೆಸ್ಸೂ ಇಡೀ ದಿನ ಕಡಲಿನಲ್ಲೇ ಬಿದ್ದಿರುತ್ತಿದ್ದರು.

ಅವನನ್ನು ಕೊರಕಲಿಗೆ ಹಾಕುವುದು ನನ್ನ ಕೈಲಾಗಲಿಲ್ಲ. ಬಾಣವನ್ನು ನಾನೇ ತೆಗೆದೆ. ಗಾಡಿಯ ತಳದಲ್ಲಿ ಮಲಗಿಸಿ, ಅಮೃತಶಿಲೆಗೆ ಹೊದಿಸುವ ಒದ್ದೆ ಚಾಪೆ ಮುಚ್ಚಿದೆ. ಕೊರಕಲಿಗೆ ಹೋಗುವ ದಾರಿ ಗೋರಿಯ ಪಕ್ಕದಲ್ಲೇ ಹಾಯುತ್ತದೆ. ನಡುಮಧ್ಯಾಹ್ನ. ಕೆಲಸದಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಾಣಿ ನಿಮ್ಮ ಹಡಗುಗಳಿಗೇ ಗೆಲುವಿನ ಎಲೆಮಾಲೆ ಕಟ್ಟಿಸಿ ನಿಮ್ಮೂರಿನ ಮೇಲೆ ಹೊರಟಿದ್ದಳು, ಅದನ್ನು ನೋಡಲು ಊರಿಗೆ ಊರೇ ಬಂದರಿಗೆ ಇಳಿದಿತ್ತು. ಗೋರಿಯ ಮೂಡಣ ಬದಿಯಲ್ಲಿ, ಹಡಗುಗಳು ಬರುವ ಮುನ್ನಾದಿನ, ಒಂದು ಹಸಿರುಕಲ್ಲು ಬಿರುಕು ಬಿಟ್ಟಿದೆ ಎಂದು ಎತ್ತಿ ಪಕ್ಕಕ್ಕಿಟ್ಟಿದ್ದೆವು. ಅದರ ಜಾಗ ಖಾಲಿ ಇತ್ತು. ನಾನು ಅದನ್ನೇ ನೋಡಿದೆ, ಪಿಗ್ರೆಸ್ ನನ್ನನ್ನು ನೋಡಿದ.

ಅವನನ್ನು ಮೇಲಕ್ಕೆ ಒಯ್ದು ಆ ಗೂಡಿನೊಳಗೆ ಇಳಿಸುತ್ತಿದ್ದಾಗ ಹಿಂದಿನಿಂದ ಅರ್ಲಿಸ್‌ನ ದನಿ ಕೇಳಿತು. ಮರೆತ ನೀರಿನ ಚೀಲ ತೆಗೆದುಕೊಂಡು ಹೋಗಲು ಬಂದಿದ್ದನಂತೆ.

"ಏನೋ ಅದು?"

"ಹೆಣ, ಅಣ್ಣ."

"ಅದು ಕಾಣ್ತಾ ಇದೆ. ಯಾರದ್ದು ಅಂತ ಕೇಳ್ದೆ."

"ನಮ್ಮಕ್ಕನ ಮಗ."

"ರೋಡ್ಸ್‌ಗೆ ಕೊಟ್ಟಿದ್ರಲ್ಲ, ಆ ಅಕ್ಕನಾ?" ಎಂದ. ಹೌದೆಂದೆ. "ದೊರೆ ಗೋರಿಲಿ ಶತ್ರುನ ಇಟ್ರು ಅಂತ ಗೊತ್ತಾದ್ರೆ ನಮ್ಮನ್ನೂ ಜೀವಸಹಿತ ಇವನ ಪಕ್ಕದಲ್ಲೇ ಇಡ್ತಾರೆ, ಗೊತ್ತಾ?"

"ನೀನು ನೋಡ್ಲಿಲ್ಲ ಅಂದ್ಕೊಂಡು ಹೋಗಿಬಿಡು ಅಣ್ಣ. ನಿನ್ನ ಹೆಸರು ಎತ್ತಲ್ಲ."

"ಇದೇ ಜಾಗದಿಂದ ನಮ್ಮಜ್ಜಿನ ಬುಟ್ಟಿಲಿ ಹೊತ್ತೋನು ನಾನು. ನನಗೆ ಹೋಗು ಅಂತೀಯಾ?" ಎನ್ನುತ್ತಾ ಅವನು ಹತ್ತಿ ಬಂದು ಒಳಗೆ ಬಗ್ಗಿ ನೋಡಿದ. "ಹಾಗೆ ಮೊಣಕಾಲು ಮಡಚಿ ತುರುಕಬೇಡ್ರೋ. ಕಾಲು ಚಾಚಿ ಮಲಗ್ಲಿ. ಈ ಪಕ್ಕದ ಕಲ್ಲನ್ನ ಸ್ವಲ್ಪ ಸರಿಸೋಣ, ಹಾರೆ ತಾ."

ಮೂವರೂ ಮೀಟಿ ಕಲ್ಲು ಸರಿಸಿದೆವು. ಅರ್ಲಿಸ್‌ನ ಚೀಲದ ನೀರಿನಲ್ಲಿ ಲೈಕೋನ್‌ನ ಮುಖ, ಕೈ, ಕಾಲು ತೊಳೆದೆ. ಬಾಯಿ ಮುಚ್ಚಿಸಿ ಗಲ್ಲಕ್ಕೆ ಬಟ್ಟೆ ಕಟ್ಟಿದೆ. ಪಿಗ್ರೆಸ್ ತನ್ನ ಮೇಲುಹೊದಿಕೆ ತೆಗೆದು ಅವನಿಗೆ ಸುತ್ತಿದ. ಮೀಕಾ ಮಧ್ಯಾಹ್ನಕ್ಕೆಂದು ಕಟ್ಟಿಕೊಟ್ಟಿದ್ದ ಬಾರ್ಲಿ ರೊಟ್ಟಿ, ಆಲಿವ್ ಕಾಯಿ ಅವನ ಕೈಯ ಹತ್ತಿರ ಇಟ್ಟೆವು. ದ್ರಾಕ್ಷಾರಸ ನಮ್ಮಲ್ಲಿರಲಿಲ್ಲ. ಅಷ್ಟೊಂದು ಮಂದಿಯ ಮೆರವಣಿಗೆ ಮಾಡಿ ದೊರೆಗೆಂದು ಇಟ್ಟ ರಸದ ಜಾಡಿಗಳು ಅಲ್ಲೇ ಕೆಳಗಿದ್ದವು, ಮುಚ್ಚಿಹೋಗಿದ್ದವು. ಗಟ್ಟಿಯಾಗಿ ಅಳುವ ಹಾಗಿರಲಿಲ್ಲ, ಅಕ್ಕ. ನಿನ್ನ ಪಾಲಿನ ಅಳುವನ್ನು ನಾನು ಅಲ್ಲಿ ಅಳಲಾಗಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿ ಮೂರು ಸಲ ಹೆಸರು ಕರೆದೆ, ನಮ್ಮ ಮನೆಯಲ್ಲಿ ಕರೆಯುವ ಹಾಗೆ. ಆಮೇಲೆ ಉರುಳೆಮರದ ಮೇಲೆ ಬೇರೊಂದು ಕಲ್ಲು ತಂದು ಮೇಲೆ ಕೂರಿಸಿದೆವು. ಅರ್ಲಿಸ್ ಕೊಂಡಿ ಬಡಿದ. ಪಿಗ್ರೆಸ್ ಕುಲುಮೆ ಊದಿದ. ಸೀಸ ನಾನು ಸುರಿದೆ. ನನ್ನ ಜನ್ಮದಲ್ಲಿ ಸುರಿದ ಸೀಸದಲ್ಲೆಲ್ಲ ಅದೇ ಅಚ್ಚುಕಟ್ಟು.

ಮನೆಗೆ ಬಂದು ಮೀಕಾಳಿಗೆ ಹೇಳಿದೆ. ಅವಳು ಮಗ್ಗದ ಮುಂದೆ ಕುಳಿತು ಎರಡು ದಿನ ಏಳಲಿಲ್ಲ, ನೇಯಲೂ ಇಲ್ಲ.

ಅಲ್ಲಿಂದ ಮುಂದೆ ಆ ಗೋರಿ ನನಗೆ ದೊರೆಯದ್ದಾಗಿ ಉಳಿಯಲಿಲ್ಲ. ಪ್ರತಿ ಸಾಲು ಕಲ್ಲು ಮೇಲೇರಿದಾಗಲೂ, ಇನ್ನೊಂದು ಹೊದಿಕೆ ಎಂದುಕೊಳ್ಳುತ್ತಿದ್ದೆ. ರಾಣಿ ರೋಡ್ಸ್ ಗೆದ್ದು ಬಂದಳು, ಆದರೆ ದಿನದಿನಕ್ಕೆ ಸೊರಗುತ್ತಾ ಹೋದಳು. ಗಂಡನ ಬೂದಿಯನ್ನು ಸ್ವಲ್ಪ ಸ್ವಲ್ಪವಾಗಿ ದ್ರಾಕ್ಷಾರಸದಲ್ಲಿ ಬೆರೆಸಿ ಕುಡಿಯುತ್ತಾಳಂತೆ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಆಡಿಕೊಂಡರು. ನಿಜವೋ ಸುಳ್ಳೋ. ಅದನ್ನು ಕೇಳಿ ಬಂದ ಮೀಕಾ, "ಕುಡೀಲಿ ಬಿಡ್ರೀ. ಅವಳಿಗೆ ಅವಳ ಗಂಡನ ಬೂದಿ ಆದ್ರೂ ಸಿಕ್ಕಿದೆ. ನಿಮ್ಮಕ್ಕ ಏನು ಕುಡೀಬೇಕು?" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ನಿನ್ನ ಕಡೆಯ ಗಾಳಿ ಬೀಸಿದರೂ ಮುಖ ತಿರುಗಿಸಿಕೊಳ್ಳುವ ಹಾಗಾಯಿತು.

ಎರಡು ವರ್ಷಕ್ಕೆ ರಾಣಿಯೂ ಹೋದಳು. ಆಗ ಕಂಬಗಳ ಸಾಲು ಎದ್ದಿತ್ತು, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಚಾವಣಿ ಆಗಬೇಕಿತ್ತು. ಕೂಲಿ ನಿಂತುಹೋಯಿತು. ಹೊಸ ಒಡೆಯನಿಗೆ ಗೋರಿಗಿಂತ ಕೋಟೆಯ ಚಿಂತೆ ಹೆಚ್ಚು ಎಂದು ಸುದ್ದಿ ಹಬ್ಬಿತು. ಒಂದು ಬೆಳಿಗ್ಗೆ ಕೋಟೆ ಕೆಲಸದವನೊಬ್ಬ ಬಂದು, ಗೋರಿಯ ಹಸಿರುಕಲ್ಲುಗಳನ್ನು ಕೈಯಿಂದ ತಟ್ಟುತ್ತಾ, "ಒಳ್ಳೆ ಮಾಲು. ಇದನ್ನ ಹೀಗೇ ಅರ್ಧಕ್ಕೆ ಬಿಡೋದಾದ್ರೆ ಕಡಲಗೋಡೆಗೆ ಎಳ್ಕೊಂಡು ಹೋಗ್ಬಹುದು," ಎಂದ. ಅವನು ತಟ್ಟಿದ್ದು ಮೂಡಣ ಬದಿಯನ್ನೇ.

ಆ ಸಂಜೆ ಕೆಲಸದಂಗಳದಲ್ಲಿ ಎಲ್ಲರೂ ಸೇರಿದರು. ಕಡಲಾಚೆಯಿಂದ ಬಂದ ಶಿಲ್ಪಿಗಳು ಗಂಟು ಕಟ್ಟಿ ಸಿದ್ಧವಾಗಿದ್ದರು. ಅವರಲ್ಲೊಬ್ಬ, "ಕೂಲಿ ಕೊಡೋಳು ಸತ್ತಳು, ಮಲಗೋನು ಮೊದಲೇ ಸತ್ತಿದ್ದ. ಇನ್ನು ಯಾರಿಗೋಸ್ಕರ ಕಟ್ಟೋದು?" ಎಂದ. ಹಲವರು ತಲೆಯಾಡಿಸಿದರು. ನಾನು ಇಂಥ ಕಡೆ ಬಾಯಿ ಬಿಡುವವನಲ್ಲ, ನಿನಗೆ ಗೊತ್ತು. ಆದರೂ ಎದ್ದು ನಿಂತೆ. ಹೇಳಬೇಕಾದ ಒಂದೇ ಮಾತನ್ನು ಹೇಳುವ ಹಾಗಿರಲಿಲ್ಲ.

"ಮುಗಿಸೋಣ," ಎಂದೆ.

"ಯಾಕೆ?"

"ಅರ್ಧಕ್ಕೆ ಬಿಟ್ರೆ ಕಿತ್ತುಹಾಕ್ತಾರೆ. ಒಳಗೆ ಮಲಗಿರೋರಿಗೆ ಗಾಳಿ ಮಳೆ ಆಗುತ್ತೆ."

ಯಾರೋ ನಕ್ಕರು. "ನಿನ್ನನ್ನ ಊರು ಬಿಡ್ಸಿದ ದೊರೆ ಮೇಲೆ ನಿನಗೆ ಇಷ್ಟೊಂದು ಪ್ರೀತಿನಾ, ಪೆದಾಸಾದೋನೇ?" ನಾನು ತಲೆ ತಗ್ಗಿಸಿದೆ. ಆಗ ಅರ್ಲಿಸ್ ಎದ್ದ. "ಇವನು ಹೇಳಿದ್ರಲ್ಲಿ ತಪ್ಪೇನಿದೆ? ಈ ಗುಂಡಿ ತೋಡೋಕೆ ಒಂದು ಸಲ ಸತ್ತೋರನ್ನ ಹೊರಗೆ ಹಾಕಿದ್ದೀವಿ. ಇನ್ನೊಂದು ಸಲ ನಾನು ಹಾಕಲ್ಲ. ಬೇಕಾದೋರು ಹೋಗಿ. ನಾನೂ ಇವನೂ ಇರ್ತೀವಿ."

ಕೊನೆಗೆ ಪಾರೋಸ್ ದ್ವೀಪದ ಮುದಿ ಶಿಲ್ಪಿ, ಮುಂದಿನ ಹಲ್ಲಿಲ್ಲದವನು, ಕುಳಿತಲ್ಲಿಂದಲೇ, "ನನ್ನ ಕುದುರೆಗಳಿಗೆ ಇನ್ನೂ ಕಾಲು ಬಂದಿಲ್ಲ. ಕಾಲಿಲ್ಲದ ಕುದುರೆ ಬಿಟ್ಟು ಹೋದ ಅಂತ ನನ್ನನ್ನ ಯಾರೂ ಅನ್ನೋದು ಬೇಡ. ನಮ್ಮೆಲ್ಲರ ಕೈಕೆಲಸ ಎಂಥದ್ದು ಅಂತ ಮುಂದಿನೋರು ಇದನ್ನ ನೋಡಿ ಹೇಳ್ತಾರೆ. ದೊರೆಗಲ್ಲ, ನಮಗೋಸ್ಕರ ಮುಗಿಸೋಣ," ಎಂದ. ಒಬ್ಬೊಬ್ಬರಾಗಿ ಗಂಟು ಬಿಚ್ಚಿದರು. ಕೆಲವರು ಹೋದರು, ಹೆಚ್ಚಿನವರು ಉಳಿದರು. ಅರಮನೆಯವರು ಕಾಳು ಎಣ್ಣೆ ಕೊಟ್ಟರು, ಉಳಿದದ್ದು ನಮ್ಮ ಮನೆಗಳಿಂದ ಬಂತು. ಆ ಚಳಿಗಾಲ ಮೀಕಾ ತನ್ನ ಮಗ್ಗದಿಂದ ನನ್ನನ್ನೂ ಪಿಗ್ರೆಸ್‌ನನ್ನೂ ಸಾಕಿದಳು.

ನಿನ್ನೆ ಮುಗಿಯಿತು. ತುದಿಯಲ್ಲಿ ರಥ, ನಾಲ್ಕು ಕುದುರೆಗಳು, ಎಲ್ಲದಕ್ಕೂ ಕಾಲುಗಳಿವೆ. ಹೊಸ ಒಡೆಯನೇ ಬಂದು ನೋಡಿ ಹೊಗಳಿದನಂತೆ. ಇನ್ನು ಇದನ್ನು ಕೀಳುವ ಮಾತು ಯಾರೂ ಆಡುವುದಿಲ್ಲ. ಕುದುರೆಯ ಹಗ್ಗ ಬಿಚ್ಚಲು ನಾನು ಮೇಲೆ ಹತ್ತಿದ್ದೆ. ಅಲ್ಲಿಂದ ಕೋಸ್ ಕಾಣುತ್ತದೆ. ರೋಡ್ಸ್ ಕಾಣುವುದಿಲ್ಲ. ಆದರೂ ಆ ಕಡೆಗೆ ತಿರುಗಿ ಸ್ವಲ್ಪ ಹೊತ್ತು ನಿಂತೆ. ಕೆಳಗಿನಿಂದ ಅರ್ಲಿಸ್, "ಇಳಿಯೋ, ಅಲ್ಲೇ ಮನೆ ಮಾಡ್ತೀಯಾ?" ಎಂದು ಕೂಗಿದ.

ಅಕ್ಕ, ನಿನ್ನ ಮಗನಿಗೆ ಹದ್ದು ಮುಟ್ಟಿಲ್ಲ, ನಾಯಿ ಮುಟ್ಟಿಲ್ಲ. ಅವನು ಕಾಲು ಚಾಚಿ ಮಲಗಿದ್ದಾನೆ. ಮುಂದೊಂದು ದಿನ ನೀನು ಬಂದರೆ ಮೂಡಣ ಬದಿಗೆ ಕರೆದುಕೊಂಡು ಹೋಗುತ್ತೇನೆ. ಕೈ ಇಟ್ಟು ತೋರಿಸಲಾರೆ, ಅಮೃತಶಿಲೆ ಮುಚ್ಚಿದೆ. ಆದರೆ ಎಲ್ಲಿ ನಿಲ್ಲಬೇಕು ಎಂದು ಹೇಳುತ್ತೇನೆ. ಊರೂರುಗಳಿಂದ ಜನ ಈಗಲೇ ನೋಡಲು ಬರುತ್ತಿದ್ದಾರೆ. ನೀನು ಅವರ ನಡುವೆ ನಿಂತು ಅತ್ತರೆ, ದೊರೆಗಾಗಿ ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಬೆಟ್ಟದ ದೇವಿ ನಿನಗೂ ಭಾವನವರಿಗೂ ನೆಮ್ಮದಿಯ ನಿದ್ದೆ ಕೊಡಲಿ. ನಿಮ್ಮ ಮನೆಯ ದೀಪ ಕಾಯಲಿ. ಮೀಕಾ ನಿನ್ನ ಕಾಲು ಮುಟ್ಟಿ ನಮಸ್ಕರಿಸಿದ್ದಾಳೆ.

ನಿನ್ನ ತಮ್ಮ,
ಉಲಿಯಾದೆಸ್

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು ಒಂದಿದೆ. ಆ ದಿನ ಗೋಡೆಯ ಮೇಲೆ ವಯಸ್ಸಿನ ಹುಡುಗರ ಕೈಗೆಲ್ಲ ಬಿಲ್ಲು ಕೊಟ್ಟಿದ್ದರು. ಪಿಗ್ರೆಸ್‌ಗೂ ಕೊಟ್ಟಿದ್ದರು. ಅವನು ನಿಂತಿದ್ದು ಕಾರಂಜಿಯ ಎದುರಿನ ಗೋಡೆಯ ಮೇಲೆ. ಲೈಕೋನ್ ಬಂದಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ನೂರಾರು ಮಂದಿ ಬಿಟ್ಟರು, ಎಲ್ಲ ಬಾಣವೂ ಒಂದೇ ಆಯುಧಶಾಲೆಯವು, ಯಾರದ್ದು ಎಲ್ಲಿ ಬಿತ್ತೋ ಯಾರಿಗೆ ಗೊತ್ತು ಎಂದು ಎಷ್ಟೋ ಸಲ ಹೇಳಿದೆ. "ನಾನೂ ಆ ಕಡೆಗೇ ಬಿಟ್ಟೆ, ಅಪ್ಪ," ಎನ್ನುತ್ತಾನೆ. ಅವತ್ತಿನಿಂದ ಅವನು ಕಡಲಿಗೆ ಇಳಿದಿಲ್ಲ. ಈ ಓಲೆಯನ್ನು ಬೇರೆಯವರ ಕೈಲಿ ಕಳಿಸಲು ಒಪ್ಪದೆ ತಾನೇ ಹಡಗು ಹತ್ತುತ್ತಿದ್ದಾನೆ. ಇದನ್ನು ನಿನ್ನ ಕೈಗೆ ಕೊಟ್ಟು ಮುಖ ಮುಚ್ಚಿಕೊಂಡು ಅಂಗಳಕ್ಕೆ ಇಳಿದವನು ಅವನೇ. ನೀನು ಕರೆಯುವ ತನಕ ಒಳಗೆ ಬರುವುದಿಲ್ಲ, ಕರೆಯದಿದ್ದರೆ ಹಾಗೇ ಬಂದರಿಗೆ ಹೋಗುತ್ತಾನೆ. ಕರೆ ಎಂದು ನಾನು ಹೇಳುವುದಿಲ್ಲ, ಅಕ್ಕ. ಅವನಿಗೆ ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ. ಹೊರಟಾಗಿನಿಂದ ಏನೂ ತಿಂದಿರಲಾರ.